ಖಾಲಿ ಹಾಸಿಗೆಯ ಅಂಕಿ

ಫೆಬ್ರವರಿ 3, ಮಧ್ಯಾಹ್ನ 3.00

ಇಸ್ತ್ರಿ ಪೆಟ್ಟಿಗೆ ರಿಪೇರಿ ಮುಗಿಯಿತು. 230 ವೋಲ್ಟ್, 3.2 ಆಂಪಿಯರ್. ಭಾಗಿಸಿದರೆ 72 ಓಮ್, ಗುಣಿಸಿದರೆ 736 ವ್ಯಾಟ್. ಮೇಲೆ 750 ಎಂದು ಬರೆದಿದ್ದಾರೆ. ಪರವಾಗಿಲ್ಲ, ಸುಳ್ಳು ಕಡಿಮೆಯೇ.

ಅಕ್ಕನ ಹಾಸಿಗೆ — 24 ವೋಲ್ಟ್, 1.50 ಆಂಪಿಯರ್. ರೆಸಿಸ್ಟೆನ್ಸ್ 16 ಓಮ್, ಪವರ್ 36 ವ್ಯಾಟ್. ಮಲಗಿದ್ದಾಳೆ.

ಅವಳ ಸೊಂಟನೋವಿಗೆಂದು ನಾನೇ ತಂತಿ ಹೊಲಿದು ಮಾಡಿಕೊಟ್ಟ ಬಿಸಿ ಹಾಸಿಗೆ. ಸ್ವಿಚ್ಚು, ಮೀಟರು ಮಾತ್ರ ಗೋಡೆಯ ಈಚೆ, ನನ್ನ ಮೇಜಿನ ಮೇಲೆ. ಖಾಲಿಯಿದ್ದರೆ 1.60. ಅವಳು ಹೊದ್ದು ಮಲಗಿದರೆ ತಂತಿ ಇನ್ನಷ್ಟು ಬಿಸಿಯಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಕರೆಂಟು 1.50ಕ್ಕೆ ಇಳಿಯುತ್ತದೆ. ತಲೆಸುತ್ತು ಇರುವುದರಿಂದ ಒಬ್ಬಳೇ ಎದ್ದು ಓಡಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. 1.60 ಕಂಡರೆ ನಾನು ಓಡಬೇಕು.

“ಬಾತ್‌ರೂಮಿಗೆ ಹೋದ್ರೂ ನಿನ್ನ ಮೀಟರು ಚಾಡಿ ಹೇಳುತ್ತಲ್ಲೇ ಇಂಜಿನಿಯರಮ್ಮ!” — ಬೆಳಿಗ್ಗೆ ಅಕ್ಕ.

ಫೆಬ್ರವರಿ 4, 3.00

24. 1.50. 16. 36. ಮಲಗಿದ್ದಾಳೆ. ಮಿಕ್ಸಿ ಮೋಟಾರು ಬಿಚ್ಚಿ ಕೂತಿದ್ದೇನೆ, ತಲೆ ಎತ್ತಲೂ ಪುರುಸೊತ್ತಿಲ್ಲ.

ಮಾರ್ಚ್ 9

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ.

ಅಕ್ಕ ಹೋಗಿ ತಿಂಗಳ ಮೇಲಾಯಿತು. ಅವತ್ತು ನಾಲ್ಕು ಗಂಟೆಗೆ ಭಾವ ಆಫೀಸಿನಿಂದ ಬಂದಾಗ ಬಾತ್‌ರೂಮಿನಲ್ಲಿ ಬಿದ್ದಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ನಾನು ಓಡಿಸಿ ನೋಡುತ್ತಿದ್ದ ಮಿಕ್ಸಿ ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. “ಒಂದು ಗಂಟೆ ಮುಂಚೆ ಕರ್ಕೊಂಡು ಬಂದಿದ್ರೆ...” ಎಂದರು ಡಾಕ್ಟರು.

ಭಾವ ಬಂದವರಿಗೆಲ್ಲ ಹೇಳುತ್ತಾರೆ, “ಪಾಪ, ಇವಳು ಮೂರು ಗಂಟೆಗೆ ನೋಡಿದ್ದಾಳೆ. ಆಗ ಮಲಗೇ ಇದ್ದಳು. ಆಮೇಲೆ ಎದ್ದಿರಬೇಕು.” ನಾನು ತಲೆ ಆಡಿಸುತ್ತೇನೆ.

ಮಾರ್ಚ್ 12, 3.00

ಊಟ ಮುಗಿಸಿ ಬಂದು ಹಾಸಿಗೆಯ ಸ್ವಿಚ್ಚು ಒತ್ತಿಬಿಟ್ಟಿದ್ದೇನೆ. ಕೈಗೆ ಅಭ್ಯಾಸ. ಮೊದಲು 1.60 ಇತ್ತು. ಖಾಲಿ ತಾನೇ. ಈಗ 1.50.

ವೋಲ್ಟೇಜು ನೋಡಿದೆ, ಸರಿಯಾಗಿ 24. ಬೇರೆ ಆಮ್ಮೀಟರು ಹಾಕಿದೆ. 1.50. ಬೆಸುಗೆಗಳನ್ನೆಲ್ಲ ಜಗ್ಗಿ ನೋಡಿದೆ, ಗಟ್ಟಿಯಾಗಿವೆ.

ಬಾಗಿಲು ತೆಗೆದೆ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಹೊದಿಕೆ ಮಡಿಸಿದ ಹಾಗೇ ಕಾಲಬುಡದಲ್ಲಿದೆ. ನಡುವೆ ಕೈಯಿಟ್ಟೆ. ಖಾಲಿ ಹಾಸಿಗೆಗೆ ಅಷ್ಟು ಬಿಸಿ ಬರಲು ಸಾಧ್ಯವೇ ಇಲ್ಲ. ಕೈ ತೆಗೆದುಕೊಂಡು ಓಡಿಬಂದೆ.

ಮಾರ್ಚ್ 15, 3.00

ಮೂರು ದಿನವೂ ಅದೇ. ಎರಡೂವರೆಗೆ 1.60, ಮೂರಕ್ಕೆ 1.50. ಅವಳು ಮಲಗುವ ಹೊತ್ತು.

ಭಾವ ಬಾಗಿಲಲ್ಲಿ ನಿಂತು, “ಆ ತಂತಿಗಿಂತಿ ಎಲ್ಲ ಬಿಚ್ಚಿಬಿಡಮ್ಮ. ಸೋಮವಾರ ಮಂಚ ಆಸ್ಪತ್ರೆಗೆ ಕೊಟ್ಟುಬಿಡ್ತೀನಿ” ಎಂದರು.

“ಇನ್ನೆರಡು ದಿನ ಇರಲಿ ಭಾವ.”

“ಯಾಕೆ?”

ಮೀಟರು ಅವರಿಗೆ ಕಾಣದಂತೆ ಅಡ್ಡ ನಿಂತೆ.

ಮಾರ್ಚ್ 16

ಇಲ್ಲಾದರೂ ನಿಜ ಬರೆಯಬೇಕು.

ಫೆಬ್ರವರಿ 4ರಂದು ನಾನು ಮೀಟರು ನೋಡಲೇ ಇಲ್ಲ. ಮೋಟಾರಿನ ಮೇಲಿಂದ ಕಣ್ಣು ತೆಗೆಯದೆ ಪುಸ್ತಕ ಎಳೆದುಕೊಂಡು ದಿನಾ ಬರೆಯುವ ಅಂಕಿಯನ್ನೇ ಗೀಚಿದೆ. ಭಾಗಾಕಾರ ಸರಿ, ಗುಣಾಕಾರ ಸರಿ. ಕರೆಂಟು ಮಾತ್ರ ಸುಳ್ಳು. ಆಗ ಮುಳ್ಳು 1.60ರಲ್ಲಿ ನಿಂತಿತ್ತೋ ಏನೋ. ತಲೆ ಎತ್ತಿದ್ದರೆ ಸಾಕಿತ್ತು.

ಚಿಕ್ಕಂದಿನಲ್ಲಿ ನಾನು ಒಡೆದ ಗಾಜಿಗೆಲ್ಲ ಅವಳೇ ಬೈಸಿಕೊಳ್ಳುತ್ತಿದ್ದಳು. ಈಗಲೂ ಅದನ್ನೇ ಮಾಡುತ್ತಿದ್ದಾಳೆ. ನಾನು ಬರೆದ ಅಂಕಿ ಸುಳ್ಳಾಗಬಾರದೆಂದು ದಿನಾ ಮೂರಕ್ಕೆ ಬಂದು ಮಲಗುತ್ತಾಳೆ.

ಹೆದರಿಕೆ ಆಗುತ್ತಿದೆ. ಅದಕ್ಕಿಂತ ಹೆಚ್ಚು ನಾಚಿಕೆ.

ಮಾರ್ಚ್ 17, 2.45

ಭಾನುವಾರ. ಭಾವನಿಗೆ ಹೇಳಿಬಿಟ್ಟೆ. “ಅವತ್ತು ನಾನು ನೋಡಿರಲಿಲ್ಲ ಭಾವ. ಸುಮ್ಮನೆ ಬರೆದೆ.”

ಭಾವ ಮೀಟರಿನ ಕಡೆ ನೋಡಿದರು. ಆಮೇಲೆ, “ಹಾಗಾದ್ರೆ ಅವಳು ಎಷ್ಟು ಹೊತ್ತಿಗೆ ಎದ್ದಳು?”

“ಗೊತ್ತಿಲ್ಲ.”

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 4ರ ಪುಟ ತೆಗೆದು 1.50ರ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ನೋಡಲಿಲ್ಲ.

3.00 — 1.50.

3.02 — ಒಳಗೆ ಮಂಚ ಕಿರುಗುಟ್ಟಿತು.

3.05 — 1.53. ವೋಲ್ಟೇಜು 24, ಅಲುಗಿಲ್ಲ. ತಂತಿ ತಣ್ಣಗಾಗುತ್ತಿದೆ.

3.09 — 1.57.

3.12 — 1.60. 24ನ್ನು ಭಾಗಿಸಿದರೆ 15 ಓಮ್. ಗುಣಿಸಿದರೆ 38.4 ವ್ಯಾಟ್. ಈ ಸಲ ಕಣ್ಣಾರೆ ನೋಡಿ ಬರೆದಿದ್ದೇನೆ. ಹಾಸಿಗೆ ಖಾಲಿ.

ಭಾವ ಬಂದಿಲ್ಲ. ಮನೆಯಲ್ಲಿ ನಾನೊಬ್ಬಳೇ. ಬಾತ್‌ರೂಮಿನಲ್ಲಿ ನಲ್ಲಿ ಸುರಿಯುತ್ತಿದೆ —

ಬಂದೆ ಅಕ್ಕಾ, ಒಬ್ಬಳೇ ಹೋಗಬೇಡ, ಗೋಡೆ ಹಿಡಿದುಕೋ, ಬಂದೆ