ಮಂಜುಳಾಬಾಯಿಯ ಕಲ್ಲು

ಬೈಲಹೊಂಗಲ,
೯ ಅಕ್ಟೋಬರ್

ರಾಜೇಶ್ವರಿಯ ಅಪ್ಪಾಜಿಯವರಿಗೆ ನಮಸ್ಕಾರ.

ಮೊದಲು ಮೊಣಕಾಲು ಹೇಗಿದೆ ಹೇಳಿ. ಸೊಲ್ಲಾಪುರದಲ್ಲಿ ಎಣ್ಣೆ ತಿಕ್ಕುವವರು ಯಾರಿದ್ದಾರೆ? ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಮತ್ತೆ, ಹೋದ ಗುರುವಾರ ಸಂಜೆ ನಿಮಗೆ ಎದೆ ಗಿದೆ ಏನಾದರೂ ನೋಯಿತೇ? ಯಾಕೆಂದು ಕೊನೆಗೆ ಹೇಳುತ್ತೇನೆ. ಇಲ್ಲಿ ನಾನು, ರಾಜೇಶ್ವರಿ, ಎಮ್ಮೆ, ಮೂವರೂ ಆರಾಮ ಇದ್ದೇವೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ.

ಗುಡಿಯ ಕೆಲಸ, ಎಂಟೇ ದಿನ ಎಂದು ಹೋದವರಿಗೆ ನಾಲ್ಕು ತಿಂಗಳಾಯಿತು. ನರ್ಸ್ ಮಂಜುಳಾಬಾಯಿಯ ಗೋರಿಗೆ ನೀವು ಕೆತ್ತಿಕೊಡಬೇಕಾದ ಕಲ್ಲು ಬಚ್ಚಲ ಮುಂದೆ ಬಿದ್ದೇ ಇತ್ತು. ಅವರು ಸತ್ತು ಏಳು ತಿಂಗಳು. ಮಳೆಗೆ ಮಣ್ಣು ಕುಸಿದು, ಗುರುತಿಗೆ ನೆಟ್ಟ ಕಟ್ಟಿಗೆಯೂ ಬಿದ್ದು, ಆಡುಗಳು ಅಲ್ಲೇ ಮೇಯುತ್ತಿದ್ದವು. ಅವರ ತಮ್ಮಂದಿರ ಮಕ್ಕಳಿಗೆ ಅದರ ಖಬರೇ ಇಲ್ಲ. ಅವರಲ್ಲಿ ಸವದತ್ತಿಯ ಕಾಂತೇಶ ಬಂದು ಬೂಟುಗಾಲಲ್ಲಿ ಆ ಕಲ್ಲಿನ ಮೇಲೇ ನಿಂತು, ಗುಟ್ಕಾ ಉಗುಳಿ, ‘ಯೆಹೋವನ ದಾಸಿ’ ಎಂದು ಕೆತ್ತಬೇಕು, ನಮ್ಮ ಹಿರಿಯರು ಹಾಗೇ ಕರೆದದ್ದು ಎನ್ನುತ್ತಾನೆ. ರಾಮದುರ್ಗದ ಸಾಗರ ಬಂದು ಮೊಬೈಲು ಹಿಡಿದು ‘ಯಾಹ್ವೆ’ ಎಂದೇ ಆಗಬೇಕು, ಅದು ತಪ್ಪು ಹೆಸರು ಎನ್ನುತ್ತಾನೆ. ನೀವೋ, ಇವನಿಗೊಂದು ಚಹಾ ಕುಡಿಸಿ ‘ಆತ್ರಿ’, ಅವನಿಗೊಂದು ಚಹಾ ಕುಡಿಸಿ ‘ಆತ್ರಿ’ ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿರಿ. ನಾನು ಕಲ್ಲಿನ ಮೇಲೆ ಕಾವಿಯಲ್ಲಿ ಎರಡು ಸಲ ಅಕ್ಷರ ಬರೆದು ಎರಡು ಸಲ ಒರೆಸಿದೆ. ಮಂಜುಳಾಬಾಯಿ ಹಾಸಿಗೆ ಹಿಡಿದ ಎರಡು ತಿಂಗಳು ಅವರ ಮಲಮೂತ್ರ ತೆಗೆದವಳು ನಾನು. ಆಗ ಈ ಇಬ್ಬರ ನೆರಳೂ ಈ ಓಣಿಯಲ್ಲಿ ಬೀಳಲಿಲ್ಲ. ಅಂದು ಬಾರದ ಹೇಸಿಗೆ ಈಗ ಇವರ ಮುಖ ನೋಡಿದರೆ ಬರುತ್ತದೆ. ಥೂ.

ಆದರೂ ಸಾಗರ ಹೇಳಿದ್ದನ್ನು ಕೇಳಿಸಿಕೊಂಡೆ. ಆ ದೇವರ ಹೆಸರು ಹೀಬ್ರೂ ಭಾಷೆಯಲ್ಲಿ ನಾಲ್ಕೇ ಅಕ್ಷರವಂತೆ, ನಡುವೆ ಸ್ವರ ಬರೆಯುವ ರೂಢಿ ಇರಲಿಲ್ಲವಂತೆ. ಮೂಲದಲ್ಲಿ ‘ಇರುವವನು’ ಎಂಬ ಅರ್ಥ ಇರಬಹುದು ಎನ್ನುತ್ತಾರಂತೆ. (ನಿಮಗೆ ಆ ಹೆಸರು ಇಡುವಂತಿಲ್ಲ ಬಿಡಿ.) ಯೆಹೂದಿ ಜನ ಭಯಭಕ್ತಿಯಿಂದ ಅದನ್ನು ಬಾಯಲ್ಲಿ ಆಡುತ್ತಲೇ ಇರಲಿಲ್ಲ, ಆ ಅಕ್ಷರ ಬಂದಲ್ಲಿ ‘ಒಡೆಯ’ ಎಂದು ಓದುತ್ತಿದ್ದರು. ಓದುವವರಿಗೆ ಮರೆಯದಿರಲೆಂದು ‘ಒಡೆಯ’ ಎಂಬ ತಮ್ಮ ಮಾತಿನ ಸ್ವರಗಳನ್ನು ಆ ನಾಲ್ಕು ಅಕ್ಷರದ ಜೊತೆಗೆ ಗುರುತು ಹಾಕಿಟ್ಟರು. ಎಷ್ಟೋ ಕಾಲದ ಮೇಲೆ ಹೊರಗಿನ ಪಂಡಿತರು ಬಂದು ಎರಡನ್ನೂ ಕಲಸಿ ಓದಿದರು, ಅದೇ ಯೆಹೋವ ಆಯಿತಂತೆ. ಸರಿ, ಹಾಗಾದರೆ ನಿನ್ನ ಯಾಹ್ವೆ ಖರೇನಾ ಎಂದು ಕೇಳಿದೆ. ‘ಪಂಡಿತರ ಅಂದಾಜು ಐತ್ರಿ ಅಕ್ಕಾರ’ ಎಂದ. ಅಂದಾಜಿಗಾಗಿ ಒಬ್ಬ ಹೆಣ್ಣುಮಗಳನ್ನು ಏಳು ತಿಂಗಳು ಗುರುತಿಲ್ಲದೆ ಮಲಗಿಸಿದ್ದಾರಲ್ಲ!

ಗಂಡನ ಹೆಸರು ಹೇಳದ ನಮ್ಮಂಥವರಿಗೆ ಯೆಹೂದಿಗಳ ಆ ಭಯಭಕ್ತಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮದುವೆಯಲ್ಲಿ ಹೊಸ್ತಿಲ ಮುಂದೆ ನಿಲ್ಲಿಸಿಕೊಂಡು ಒಡಪು ಹಾಕು ಎಂದಾಗ, ಪದ್ಯದ ನಡುವೆ ಬಚ್ಚಿಟ್ಟು ಒಂದು ಸಲ ನಿಮ್ಮ ಹೆಸರು ಹೇಳಿದ್ದು. ಆಮೇಲೆ ಇಲ್ಲ. ರಾಜೇಶ್ವರಿ ಹುಟ್ಟುವಾಗ ದವಾಖಾನೆಯಲ್ಲಿ ಬರೆದುಕೊಳ್ಳಲು ಗಂಡನ ಹೆಸರು ಕೇಳಿದರು. ನೋವಿಗೆ ತುಟಿ ಕಚ್ಚಿ ರಕ್ತ ಬಂತು, ಹೆಸರು ಬರಲಿಲ್ಲ. ಆಗ ಮಂಜುಳಾಬಾಯಿ ಪೆನ್ನು ಬದಿಗಿಟ್ಟು ‘ಹೆಸರ ಒಳಗ ಇಟ್ಕೊ ತಂಗಿ, ಕೂಸಿನ್ನ ಹೊರಗ ಹಾಕು’ ಎಂದಿದ್ದರು. ನೋವಿನಲ್ಲೂ ನಕ್ಕೆ. ಅವರೂ ತಮ್ಮ ದೇವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ‘ನಮ್ಮ ಒಡಿಯಾ’ ಎನ್ನುತ್ತಿದ್ದರು, ಅಷ್ಟೇ.

ಅದಕ್ಕೇ ಹೋದ ವಾರ ನಿಮ್ಮ ಉಳಿ ಸುತ್ತಿಗೆ ನಾನೇ ಹಿಡಿದೆ. ಮೂವತ್ತು ವರ್ಷ ನಾನು ಬರೆದ ಅಕ್ಷರವನ್ನು ನೀವು ಕೆತ್ತುವುದು ನೋಡಿದವಳಿಗೆ ಅಷ್ಟೂ ಬಾರದೇ? ಬೆರಳು ಎರಡು ಕಡೆ ಜಜ್ಜಿತು. ಕೆಳಗೆ ‘ಮಂಜುಳಾ, ನೂರಾರು ಕೂಸುಗಳನ್ನು ಎತ್ತಿಕೊಂಡವಳು’ ಎಂದು ಕೆತ್ತಿದೆ. ಮೇಲಿನ ಸಾಲಿನ ಜಾಗವನ್ನು ನುಣ್ಣಗೆ ಉಜ್ಜಿ ಖಾಲಿ ಬಿಟ್ಟೆ. ಗುರುವಾರ ನಮ್ಮ ಓಣಿಯ ಸಂಗಪ್ಪ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ತನ್ನ ಟ್ರ್ಯಾಕ್ಟರಿನಲ್ಲಿ ಕಲ್ಲನ್ನು ಹಾಕಿಕೊಂಡು ಹೋಗಿ ಗೋರಿಗೆ ನಿಲ್ಲಿಸಿಕೊಟ್ಟ. ಸುದ್ದಿ ತಿಳಿದು ಇಬ್ಬರೂ ಓಡಿ ಬಂದರು, ಏಳು ತಿಂಗಳಲ್ಲಿ ಮೊದಲ ಸಲ ಒಂದೇ ಮಾತು ಕೇಳಿದರು: ‘ದೇವರ ಹೆಸರ ಎಲ್ಲೈತ್ರಿ?’ ನಿಮ್ಮ ಅತ್ತಿ ಕಡೆ ಐತಿ, ನಿಮ್ಮ ಕಡೆ ಇಲ್ಲ ಎಂದೆ.

ರಾಜೇಶ್ವರಿ ನಮಸ್ಕಾರ ಹೇಳಿದ್ದಾಳೆ. ಚಳಿ ಬರುತ್ತಿದೆ, ಕಂಬಳಿ ಹೊದ್ದುಕೊಂಡು ಮಲಗಿರಿ. ಸಿಟ್ಟು ಇಳಿದಿಲ್ಲ, ಇಳಿದಿದೆ ಎಂದು ತಿಳಿಯಬೇಡಿ.

ನಿಮ್ಮ ಮನೆಯವಳು,
ಸಿದ್ದಲಿಂಗವ್ವ

ತಾ.ಕ.: ಅವತ್ತು ಗೋರಿಯ ಮುಂದೆ ಇಬ್ಬರೂ ಜೋರು ಮಾಡಿದರು. ಕೆತ್ತಲು ಒಪ್ಪಿಕೊಂಡವರು ಯಾರು, ಬಿಟ್ಟು ಓಡಿ ಹೋದವರು ಯಾರು, ಹೇಳ್ರಿ ಅವರ ಹೆಸರ ಎಂದರು. ತಲೆ ಕೆಟ್ಟು, ಒಡಪಿಲ್ಲದೆ, ಎಲ್ಲರೆದುರು ಹೇಳಿಬಿಟ್ಟೆ: ವಿರೂಪಾಕ್ಷ. ಹೇಳಿದರೆ ಗಂಡನ ಆಯುಷ್ಯ ಕಡಿಮೆ ಆಗುತ್ತದೆ ಎಂದು ನಿಮ್ಮ ಅವ್ವ ಅನ್ನುತ್ತಿದ್ದರು. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಗುರುವಾರದಿಂದ ಫೋನು ತಲೆದೆಸೆಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದೇನೆ. ಕಾಗದ ಬರೆಯಬೇಡಿ, ಕಾಗದ ಯಾರಾದರೂ ಬರೆಯುತ್ತಾರೆ. ನೀವೇ ಬಂದು ಬಾಗಿಲಲ್ಲಿ ನಿಂತು ತೋರಿಸ್ರಿ.