ಅಪ್ಪ ಇನ್ನೂ ಬಗ್ಗಿಯೇ ಇದ್ದರು

ಮಾರ್ಚ್ ೧೨, ಬುಧವಾರ

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಅಪ್ಪ ಮಲಗಿದ್ದಾರೆ. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ.

ನಾನು ಕಲಿಸುವ ಕರಾಟೆ ಕ್ಲಾಸಿಗೆ ಅವರು ಸೇರಿ ಇವತ್ತಿಗೆ ಮೂರು ದಿನ. ಬಿಳಿ ಬೆಲ್ಟ್ ಕಟ್ಟಿಕೊಂಡು, ಚಿಕ್ಕ ಮಕ್ಕಳಿಗಿಂತ ಹಿಂದೆ, ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಮೂವತ್ತು ವರ್ಷ ಬಸ್ ಓಡಿಸಿದವರು, ಡಿಪೋದಲ್ಲಿ ಯಾರಿಗೂ ತಲೆ ತಗ್ಗಿಸಿದವರಲ್ಲ. ಇವತ್ತು ಜೋಡಿ ಅಭ್ಯಾಸಕ್ಕೆ ನನ್ನೆದುರು ಬಂದು, ಸೊಂಟ ಬಗ್ಗಿಸಿ ವಂದಿಸಿಬಿಟ್ಟರು. ನಾಚಿಕೆಯಿಂದ ಹಿಡಿಯಷ್ಟಾದೆ. ತಿರುಗಿ ವಂದಿಸುವುದು ಬಿಟ್ಟು ಕಿಟಕಿ ಹಾಕುವ ನೆಪದಲ್ಲಿ ಆಚೆ ಹೋದೆ. ಬಂದು ನೋಡಿದರೆ ಇನ್ನೂ ಬಗ್ಗಿಯೇ ಇದ್ದಾರೆ! ಮಕ್ಕಳೆಲ್ಲ ಕಿಸಿಕಿಸಿ ನಗುತ್ತಿದ್ದವು. "ಏಳಿ ಅಪ್ಪಾ, ಸಾಕು," ಎಂದು ಗದರಿದೆ.

ದಾರಿಯಲ್ಲಿ ಕೇಳಿದೆ, "ಅಷ್ಟೊತ್ತು ಯಾಕೆ ಹಾಗೇ ನಿಂತಿದ್ರಿ?"

"ಗುರುಗಳು ಬಗ್ಗೋ ತನಕ ಏಳ್ಬಾರ್ದು ಅಂತ ಮೊದಲನೇ ದಿನ ಹೇಳ್ಕೊಟ್ಟಿದ್ದು ನೀನೇ ಅಲ್ವೇನಮ್ಮಾ? ನೀನು ಬಗ್ಗಲೇ ಇಲ್ಲ."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ಕೊರೆಯುತ್ತಿದೆ. ಊರಿಗೆಲ್ಲ ಶಿಸ್ತು ಹೇಳುವವಳು ನಾನು!

ಈಗಷ್ಟೇ ಹೋಗಿ ಅವರ ಮಂಚದ ಮುಂದೆ ನಿಂತು, ಕ್ರಮವಾಗಿ ವಂದಿಸಿ ಬಂದೆ. ಗೊರಕೆ ಹೊಡೆಯುತ್ತಿದ್ದರು. ಎದುರಿಗಿರುವವರು ನೋಡದಿದ್ದರೆ ಅದು ವಂದನೆಯೇ ಅಲ್ಲ ಎಂದು ಕಲಿಸುವವಳೂ ನಾನೇ.

ಬೆಳಿಗ್ಗೆ ಆರಕ್ಕೆ ಕ್ಲಾಸು. ಆ ಸೊಂಟ ಇಟ್ಟುಕೊಂಡು ಅವರು ಬರುತ್ತಾರೋ, ಇಲ್ಲವೋ. ಬಂದರೆ, ಮೊದಲು ಬಗ್ಗುವವಳು ನಾನೇ.