ಸೆಲ್ಮಾಳ ಕಣ್ಣಂಚು

ಹೆಲ್ಸಿಂಕಿ, ಡಿಸೆಂಬರ್ 9

ಪ್ರೀತಿಯ ತೌನೊ,

ಹೇಗಿದ್ದೀ? ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ನೀನು "ಹ್ಞೂಂ", "ಹೌದಾ" ಬಿಟ್ಟು ಮೂರನೇ ಮಾತಾಡುವವನಲ್ಲ. ಕಾಗದವಾದರೆ ಹಡಗಿನಲ್ಲಿ ಕೂತು ಎರಡು ಸಲವಾದರೂ ಓದುತ್ತೀಯಲ್ಲ. ಔಲುವಿನ ಕಡೆ ಸಮುದ್ರ ಆಗಲೇ ಹೆಪ್ಪುಗಟ್ಟಿದೆಯೆಂದು ರೇಡಿಯೋದಲ್ಲಿ ಹೇಳಿದರು. ಹಾಗಾದರೆ ನಿಮ್ಮ ಹಡಗು ಮಂಜುಗಡ್ಡೆ ಒಡೆಯಲು ಹೊರಟಾಗಿದೆ, ಇನ್ನು ವಸಂತದವರೆಗೆ ನೀನು ನಮ್ಮವನಲ್ಲ.

ಇಲ್ಲಿಯ ದೊಡ್ಡ ಸುದ್ದಿ ನಿನ್ನ ಮಗಳದ್ದೇ. ಸೀಸನ್ನಿನ ಮೊದಲ ಸ್ಕೇಟಿಂಗ್ ಸ್ಪರ್ಧೆಯಲ್ಲಿ ನಮ್ಮ ಹಾಲ್ಲಾ ತಂಡಕ್ಕೆ ಎರಡನೇ ಸ್ಥಾನ! ಹದಿನಾರು ಹುಡುಗಿಯರು ಮಂಜುಗಡ್ಡೆಯ ಮೇಲೆ ಒಂದೇ ಉಸಿರಿನಲ್ಲಿ ಜಾರುವುದನ್ನು ನೋಡಿ ನನ್ನ ಪಕ್ಕದಲ್ಲಿದ್ದ ಮಿರ್ಯಾಮಿ ಅತ್ತೇಬಿಟ್ಟಳು. ಅವಳ ಮಗಳು ಆದಾ ಮತ್ತು ನಮ್ಮ ಸೆಲ್ಮಾ ಹಾಲುಹಲ್ಲು ಬಿದ್ದ ವಯಸ್ಸಿನಿಂದ ಜೊತೆಯಲ್ಲೇ ಜಾರುತ್ತ ಬಂದವರಲ್ಲವೇ? ಈ ವರ್ಷ ಇಬ್ಬರೂ ದೊಡ್ಡವರ ತಂಡದಲ್ಲಿದ್ದಾರೆ. ಸಾಲು ದಾಟುವಾಗ ಎದುರುಬದುರು ಜಾಗ.

ಆ ಸಾಲು ದಾಟುವುದೊಂದನ್ನು ಮಾತ್ರ ನನಗೆ ಇವತ್ತಿಗೂ ನೋಡಲಾಗುವುದಿಲ್ಲ. ಎರಡು ಸಾಲುಗಳು ಬೆನ್ನು ಹಾಕಿಕೊಂಡು, ಗಿರ್ರನೆ ತಿರುಗುತ್ತ ಬಂದು, ಒಂದರ ಸಂದಿನಲ್ಲಿ ಇನ್ನೊಂದು ತೂರಿ ಹೋಗುತ್ತದೆ. ಯಾರೂ ಯಾರನ್ನೂ ನೇರ ನೋಡುವಂತಿಲ್ಲ. ಎಲ್ಲವನ್ನೂ ಕಣ್ಣಂಚಿನಲ್ಲೇ ಅಳೆಯಬೇಕು. ಕಾಲಲ್ಲಿ ಚೂರಿಯಂಥ ಉಕ್ಕು.

ಇನ್ನೊಂದು ಮಾತು. ನೀನು ನಗಬಹುದು. ಮೊನ್ನೆ ಅಭ್ಯಾಸ ಮುಗಿಸಿ ಬರುವಾಗ ಸೆಲ್ಮಾ ನನ್ನ ತೋಳು ಹಿಡಿದುಕೊಂಡಳು. ಮಧ್ಯಾಹ್ನವೇ ಕತ್ತಲಾಗುವ ದಿನಗಳು, ನಿನಗೆ ಗೊತ್ತು. ಟ್ರಾಮ್ ನಿಲ್ದಾಣದ ಹತ್ತಿರ ಗುಡ್ಡೆ ಹಾಕಿದ್ದ ಹಿಮಕ್ಕೆ ಕಾಲು ತಾಗಿಸಿ ಮುಗ್ಗರಿಸಿದಳು. ನಿನ್ನೆ ಅವಳ ಮೊಣಕೈ ಪಕ್ಕದಲ್ಲೇ ಏಲಕ್ಕಿ ಬನ್ನಿನ ತಟ್ಟೆ ಇಟ್ಟಿದ್ದೆ. "ಅಮ್ಮಾ, ಬನ್ ಎಲ್ಲಿ?" ಅಂದಳು.

"ಕಣ್ಣೇನು ಪರ್ಸಲ್ಲಿಟ್ಟಿದ್ದೀಯಾ?" ಅಂದೆ.

ಅವಳು ನಗಲಿಲ್ಲ. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಚ್ಚಗಿರು. ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ.

ನಿನ್ನ
ಹಿಲ್ಕ್ಕಾ

*

ಹೆಲ್ಸಿಂಕಿ, ಜನವರಿ 28

ಪ್ರೀತಿಯ ತೌನೊ,

ನಿನ್ನ ಕಾಗದ ಬಂದು ವಾರಗಳಾದವು. ಉತ್ತರ ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಕ್ಷಮಿಸು.

ಮೊದಲು ಸಿಹಿ ಸುದ್ದಿ. ದೇಶದಿಂದ ಎರಡೇ ತಂಡಗಳಿಗೆ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋಗುವ ಅವಕಾಶ. ಅದರಲ್ಲೊಂದು ಹಾಲ್ಲಾ! ಫಲಿತಾಂಶ ಬಂದಾಗ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ತರಬೇತುದಾರಳು ರಿತ್ವಾ, ಆ ಕಲ್ಲಿನಂಥ ಹೆಂಗಸು, ಅವಳೂ ಮೂಗೊರೆಸಿಕೊಂಡಳು. ಸೆಲ್ಮಾ ಮಾತ್ರ ಗುಂಪಿನಿಂದ ಆಚೆ ಗೋಡೆ ಹಿಡಿದು ನಿಂತಿದ್ದಳು. ಗೆದ್ದವಳ ಮುಖ ಅದಾಗಿರಲಿಲ್ಲ.

ಹೋದ ವಾರ ಅಭ್ಯಾಸದಲ್ಲಿ ಸಾಲು ದಾಟುವಾಗ ಸೆಲ್ಮಾಳ ಸ್ಕೇಟು ಆದಾಳ ಮೀನಖಂಡಕ್ಕೆ ತಾಗಿ ಸೀಳಿತು. ಹೊಲಿಗೆ ಬಿದ್ದವು. ಮಂಜುಗಡ್ಡೆಯ ಮೇಲೆ ರಕ್ತ ಎಷ್ಟು ಕೆಂಪಾಗಿ ಕಾಣುತ್ತದೆ, ತೌನೊ.

"ಎಲ್ಲಿ ನೋಡ್ತಿದ್ದೆ ಮಾರಾಯ್ತಿ? ನಾನಿಷ್ಟು ದಪ್ಪ ಇದ್ರೂ ಕಾಣಲ್ವಾ ನಿಂಗೆ?" ಎಂದು ಆದಾ ನೋವಿನಲ್ಲೂ ತಮಾಷೆ ಮಾಡಿದಳಂತೆ. ಆ ಹುಡುಗಿ ಯಾವಾಗಲೂ ಹಾಗೆಯೇ.

ರಿತ್ವಾ ನನ್ನನ್ನು ಪಕ್ಕಕ್ಕೆ ಕರೆದಳು. "ಹಿಲ್ಕ್ಕಾ, ಅವಳು ಕಣ್ಣಿಂದ ಜಾರ್ತಾ ಇಲ್ಲ, ಲೆಕ್ಕದ ಮೇಲೆ ಜಾರ್ತಿದಾಳೆ. ಬಾಯಲ್ಲಿ ಎಣಿಸ್ಕೊಂಡು ದಾಟ್ತಾಳೆ. ಪಕ್ಕದವಳು ಒಂಚೂರು ತಡ ಮಾಡಿದ್ರೆ ಮುಗೀತು. ಮನೇಲಿ ಏನಾದ್ರೂ ತೊಂದ್ರೆನಾ?"

"ಏನೂ ಇಲ್ಲ" ಎಂದೆ. ಇದೆಯೋ ಇಲ್ಲವೋ ನನಗೆ ಗೊತ್ತಿದ್ದರೆ ತಾನೆ?

ಮನೆಯಲ್ಲೂ ಅವಳು ಎಣಿಸುತ್ತಾಳೆ. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಾಗ ತುಟಿ ಅಲ್ಲಾಡುತ್ತಿರುತ್ತದೆ, ಕೈ ಗೋಡೆ ಸವರುತ್ತಿರುತ್ತದೆ. ಮೊನ್ನೆ ಅವಳು ಸಾರು ಕುಡಿಯುತ್ತಿದ್ದಾಗ ನಾನು ಸದ್ದಿಲ್ಲದೆ ಹೋಗಿ ಅವಳ ಪಕ್ಕದಲ್ಲಿ ನಿಂತೆ. ತೋಳಿನಳತೆಯಲ್ಲಿ. ಬಟ್ಟಲು ಖಾಲಿಯಾಗುವವರೆಗೂ ಅವಳಿಗೆ ನಾನಲ್ಲಿರುವುದು ಗೊತ್ತಾಗಲಿಲ್ಲ. ನನ್ನ ಹೆತ್ತ ಮಗಳ ಪಕ್ಕದಲ್ಲಿ ನಾನು ಇಲ್ಲದವಳ ಹಾಗೆ ನಿಂತಿದ್ದೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ರೇಗುತ್ತಾಳೆ: "ಸುಸ್ತಮ್ಮಾ, ಅಷ್ಟೇ! ಎಲ್ಲದಕ್ಕೂ ಡಾಕ್ಟ್ರು ಅಂತೀಯ."

ನೀನೂ ಫೋನಿನಲ್ಲಿ ಅದನ್ನೇ ಅಂದೆ. "ಸೀಸನ್ ಮುಗೀಲಿ ಬಿಡು ಹಿಲ್ಕ್ಕಾ, ಈಗ ಅವಳ ತಲೆ ಕೆಡಿಸ್ಬೇಡ." ನಿನ್ನ ಧ್ವನಿ ಶಾಂತವಾಗಿತ್ತು. ಅಷ್ಟು ವರ್ಷ ಸಮುದ್ರ ನೋಡಿದವನು ಹೇಳುತ್ತಿದ್ದಾನೆ, ನಾನೇ ಗಾಬರಿಗೆಟ್ಟವಳು ಎಂದು ಸುಮ್ಮನಾದೆ. ಆದರೂ ಸ್ಪರ್ಧೆ ಹತ್ತಿರ ಬಂದಂತೆ ಅವಳ ತುಟಿಯನ್ನೇ ನೋಡುತ್ತಿರುತ್ತೇನೆ.

ಜೋಪಾನ.

ನಿನ್ನ
ಹಿಲ್ಕ್ಕಾ

*

ಯೋಥೆಬೊರಿ, ಸ್ವೀಡನ್, ಏಪ್ರಿಲ್ 5

ಪ್ರೀತಿಯ ತೌನೊ,

ಫೋನಿನಲ್ಲಿ ನಿನಗೆ ಅರ್ಧಂಬರ್ಧ ಹೇಳಿದೆ. ಲೈನ್ ಕಟ್ ಆಗುತ್ತಿತ್ತು. ಈಗ ಆಸ್ಪತ್ರೆಯ ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಸರಿಯಾಗಿ ಬರೆಯುತ್ತಿದ್ದೇನೆ.

ವಿಶ್ವ ಚಾಂಪಿಯನ್‌ಶಿಪ್ಪಿನ ಹಿಂದಿನ ದಿನದ ಅಭ್ಯಾಸ. ಅಂಗಣದ ದೀಪಗಳನ್ನು ಇನ್ನೂ ಪೂರ್ತಿ ಹಾಕಿರಲಿಲ್ಲ. ನಾನು, ಮಿರ್ಯಾಮಿ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕೂತು ಅವಳು ತಂದಿದ್ದ ರೈ ರೊಟ್ಟಿ ತಿನ್ನುತ್ತಿದ್ದೆವು. ಸಂಗೀತ ಶುರುವಾಯಿತು. ಸಾಲುಗಳು ಹತ್ತಿರ ಬಂದವು. ಆದಾಳ ಮುಂದಿದ್ದ ಹುಡುಗಿಯ ಕಾಲು ಸ್ವಲ್ಪ ತೊಡರಿತು, ಆದಾ ಅವಳಿಗಾಗಿ ಒಂದು ಕ್ಷಣ ನಿಧಾನಿಸಿದಳು. ಬೇರೆಯವರೆಲ್ಲ ಅದನ್ನು ಕಂಡು ತಮ್ಮ ದಾರಿ ಬಾಗಿಸಿಕೊಂಡರು. ಸೆಲ್ಮಾ ಬಾಗಿಸಲಿಲ್ಲ. ಪೂರ್ತಿ ವೇಗದಲ್ಲಿ ಬೆನ್ನು ಹಾಕಿಕೊಂಡು ಬಂದವಳು ಆದಾಳಿಗೆ ಗುದ್ದಿದಳು. ಆದಾಳ ತಲೆಯ ಹಿಂಭಾಗ ಮೊದಲು ನೆಲಕ್ಕೆ ತಾಗಿತು. ಆ ಸದ್ದು ಮೇಲಿನ ಸಾಲಿನವರೆಗೂ ಕೇಳಿಸಿತು. ಸಂಗೀತ ಮಾತ್ರ ನಡೆಯುತ್ತಲೇ ಇತ್ತು, ಯಾರಿಗೂ ನಿಲ್ಲಿಸಲು ತೋಚಲಿಲ್ಲ.

ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಆದಾಳ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಮಾಡಿದರು. ನಿನ್ನೆ ಕಣ್ಣು ತೆರೆದಿದ್ದಾಳೆ. ಅಮ್ಮನನ್ನು ನೋಡಿ ಬಾಯಿ ತೆರೆದಳು, ಆದರೆ ಮಾತು ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎನ್ನುತ್ತಾರೆ ಡಾಕ್ಟರು. ಅಷ್ಟು ತಮಾಷೆ ಮಾಡುತ್ತಿದ್ದ ಹುಡುಗಿ.

ನಮ್ಮವಳ ಮೈಗೆ ತರಚು ಗಾಯಗಳಷ್ಟೇ. ಪರೀಕ್ಷೆ ಮಾಡುವಾಗ ಇಲ್ಲಿನ ಡಾಕ್ಟರು ಅವಳ ಕಿವಿಯ ಪಕ್ಕ ಬೆರಳು ಆಡಿಸಿದರು. ಅವಳು ನೇರ ನೋಡುತ್ತಲೇ ಇದ್ದಳು. ಬೆರಳು ಮೂಗಿನ ಹತ್ತಿರ ಬರುವವರೆಗೂ "ಹಾಂ" ಅನ್ನಲಿಲ್ಲ. ನೋಟ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತಿದೆಯಂತೆ. ಕತ್ತಲಲ್ಲಿ ಆಗಲೇ ಏನೂ ಕಾಣುವುದಿಲ್ಲ. ಔಷಧವಿಲ್ಲ. ಡಾಕ್ಟರು ಮೆತ್ತಗೆ ಹೇಳಿದರು, ಮೆತ್ತಗೆ ಹೇಳಿದರೆ ಮಾತು ಬದಲಾಗುವುದಿಲ್ಲವಲ್ಲ.

ಮಿರ್ಯಾಮಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನನ್ನು ತಬ್ಬಿಕೊಂಡಳು. "ನಿಮ್ಮ ಹುಡುಗಿಗೂ ಗೊತ್ತಿರ್ಲಿಲ್ಲ ಪಾಪ. ಗೊತ್ತಿದ್ರೆ ಇಳೀತಿದ್ಲಾ? ಯಾರಿಗೂ ಗೊತ್ತಿರ್ಲಿಲ್ಲ ಅಲ್ವಾ ಹಿಲ್ಕ್ಕಾ?"

"ಯಾರಿಗೂ ಗೊತ್ತಿರ್ಲಿಲ್ಲ" ಎಂದೆ. ಹಾಗೆಂದೇ ನಂಬಿದ್ದೆ.

ಸೆಲ್ಮಾ ಊಟ ಬಿಟ್ಟಿದ್ದಾಳೆ. ತಂಡದ ಹುಡುಗಿಯರು ಬಂದು ಬಾಗಿಲಲ್ಲೇ ನಿಂತು ಹೋದರು. ರಿತ್ವಾ ಬಂದು ಅವಳ ಕೈ ಹಿಡಿದು ಬಹಳ ಹೊತ್ತು ಕೂತಿದ್ದಳು.

ಕೊಲ್ಲಿಯಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದೆಯಂತೆ. ಹುಷಾರಾಗಿರು. ಸಮುದ್ರ ನಿನ್ನನ್ನೂ ನಿನ್ನ ಜೊತೆಯವರನ್ನೂ ಕಾಯಲಿ.

ಹಿಲ್ಕ್ಕಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಸೆಲ್ಮಾ ಬಾಯಿ ಬಿಟ್ಟಳು. ಅಕ್ಟೋಬರಿನಲ್ಲಿ ನೀನು ರಜೆಗೆ ಬಂದಾಗಲೇ ನಿನಗೆ ಹೇಳಿದ್ದಳಂತೆ. "ಅಪ್ಪಾ, ನಂಗೆ ಪಕ್ಕದಲ್ಲಿರೋರು ಕಾಣ್ತಿಲ್ಲ, ಭಯ ಆಗ್ತಿದೆ. ಈ ವರ್ಷ ಬಿಟ್ಬಿಡ್ಲಾ?" ಎಂದು ಅತ್ತಿದ್ದಳಂತೆ. ನೀನು, "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಕಣ್ಣಿರೋ ತನಕ ಜಾರ್ಕೋ ಮಗಳೇ. ಅಮ್ಮಂಗೆ ಹೇಳ್ಬೇಡ, ಅವಳು ನಿಲ್ಲಿಸಿಬಿಡ್ತಾಳೆ" ಅಂದೆಯಂತೆ. ನಿನ್ನ ಅಮ್ಮನಿಗೆ ಬರೀ ಕಣ್ಣಿನ ಪೊರೆ ಎಂದು ಮದುವೆಯಾದಾಗಿನಿಂದ ನನಗೆ ಹೇಳುತ್ತ ಬಂದವನು ನೀನು.

ನೀನು ಪ್ರೀತಿಯಿಂದಲೇ ಹೇಳಿರುತ್ತೀ, ಅದು ನನಗೆ ಗೊತ್ತು. ಅದಕ್ಕೇ ಇದನ್ನು ತಡೆದುಕೊಳ್ಳಲಾಗುತ್ತಿಲ್ಲ. ಹೌದು ತೌನೊ, ನಾನು ನಿಲ್ಲಿಸಿಬಿಡುತ್ತಿದ್ದೆ.

ಮಿರ್ಯಾಮಿ ಮೇಲಿನ ಮಹಡಿಯಲ್ಲಿ ಆದಾಳ ಹಾಸಿಗೆಯ ಪಕ್ಕ ಕೂತಿದ್ದಾಳೆ. ಈ ಕಾಗದ ಮುಚ್ಚಿ ನಾನು ಅವಳ ಹತ್ತಿರ ಹೋಗುತ್ತೇನೆ. ಒಬ್ಬನಿಗೆ ಗೊತ್ತಿತ್ತು ಎಂದು ಹೇಳುತ್ತೇನೆ. ಹೆಸರನ್ನೂ ಹೇಳುತ್ತೇನೆ.